ರೈಲು ನಿಂತಿತು ಸರಿ, ನಿಲ್ಲಿಸಿದ್ದು ಯಾರು? ನಗರ ರೈಲಿನ ಸಿಗ್ನಲ್ ದೋಷ ಹುಡುಕುವ ಬಗೆ

ಮೆಟ್ರೋ ರೈಲು ಎರಡು ನಿಲ್ದಾಣಗಳ ನಡುವೆ ಗಕ್ಕನೆ ನಿಂತರೆ ಒಳಗಿದ್ದವರು ‘ಸಿಗ್ನಲ್ ಕೆಟ್ಟಿದೆ’ ಅನ್ನುತ್ತಾರೆ. ಸಿಗ್ನಲ್ ವಿಭಾಗದವರನ್ನು ಕೇಳಿದರೆ, ಸಿಗ್ನಲ್ ತನ್ನ ಕೆಲಸ ಮಾಡಿದ್ದರಿಂದಲೇ ರೈಲು ನಿಂತಿದೆ ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಅನುಮಾನ ಬಂದರೆ ನಿಲ್ಲಿಸು ಎನ್ನುವುದು ಈ ವ್ಯವಸ್ಥೆಯ ಹುಟ್ಟುಗುಣ. ತಂತಿ ಕಡಿಯಲಿ, ಕರೆಂಟ್ ಹೋಗಲಿ, ರೇಡಿಯೋ ಸಂದೇಶ ತಪ್ಪಲಿ, ಹಳಿಯೇ ಮುರಿಯಲಿ, ಫಲ ಮಾತ್ರ ಒಂದೇ: ಕೆಂಪು ದೀಪ, ಇಲ್ಲವೇ ಎಮರ್ಜೆನ್ಸಿ ಬ್ರೇಕ್. ಹತ್ತಾರು ಕಾರಣಗಳಿಗೆ ಹೊರಗೆ ಕಾಣುವ ಮುಖ ಒಂದೇ ಆದ್ದರಿಂದ ‘ಯಾಕೆ ನಿಂತಿತು’ ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ನಿಲ್ಲು ಎಂದ ಉಪಕರಣ ಯಾವುದು, ಅದು ಯಾವ ಮಾಹಿತಿಗೆ ಕಾಯುತ್ತಿತ್ತು, ಆ ಮಾಹಿತಿ ಎಲ್ಲಿ ತಪ್ಪಿಹೋಯಿತು ಎಂದು ಈ ಕ್ರಮದಲ್ಲಿ ಕೇಳಿಕೊಂಡು ಹೋಗಬೇಕು.

ರಿಸೆಟ್ ಒತ್ತುವ ಮೊದಲು

ಕಂಟ್ರೋಲ್ ರೂಮಿನಲ್ಲಿ ಒತ್ತಡ ಇದ್ದೇ ಇರುತ್ತದೆ. ಹಿಂದೆ ಮೂರು ರೈಲು ಕಾಯುತ್ತಿರುವಾಗ ಯಾರಿಗಾದರೂ ಮೊದಲು ಹೊಳೆಯುವುದು ರಿಸೆಟ್. ಒತ್ತಬೇಡಿ ಎಂದು ಹೇಳುತ್ತಿಲ್ಲ, ಆದರೆ ಅದಕ್ಕೂ ಮೊದಲು ಅರ್ಧ ನಿಮಿಷ ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದಿಡಿ. ರಿಸೆಟ್ ಆದ ಮೇಲೆ ಉಪಕರಣದ ಸ್ಥಿತಿ ಮತ್ತೆ ನೋಡಲು ಸಿಗುವುದಿಲ್ಲ.

ಬರೆಯಬೇಕಾದದ್ದು ಬಹಳವಿಲ್ಲ. ಸಮಯ, ಸೆಕೆಂಡಿನ ಲೆಕ್ಕದಲ್ಲಿ. ಜಾಗ. ಯಾವ ಲೈನು, ಯಾವ ದಿಕ್ಕು. ಬ್ರೇಕ್ ಹಾಕಿದ್ದು ಚಾಲಕನೋ, ಪ್ರಯಾಣಿಕರು ಎಳೆದ ಹಿಡಿಯೋ, ರೈಲಿನ ರಕ್ಷಣಾ ಕಂಪ್ಯೂಟರೋ. ರೈಲಿನ ನಂಬರ್ ಬರೆಯುವಾಗ ಒಂದು ಎಚ್ಚರ: ಟ್ರಿಪ್ ನಂಬರ್ ಬೇರೆ, ರೇಕ್ (ಒಟ್ಟಿಗೆ ಜೋಡಿಸಿದ ಬೋಗಿಗಳ ಸೆಟ್) ನಂಬರ್ ಬೇರೆ. ಇವತ್ತು ಬೆಳಿಗ್ಗೆ ಒಂದು ಟ್ರಿಪ್ ಓಡಿಸಿದ ರೇಕ್ ಸಂಜೆ ಇನ್ನೊಂದು ನಂಬರಿನಲ್ಲಿ ಓಡುತ್ತದೆ. ಟ್ರಿಪ್ ನಂಬರ್ ಮಾತ್ರ ಬರೆದಿಟ್ಟ ದಾಖಲೆಯಿಂದ ಕೆಟ್ಟ ರೇಕನ್ನು ಹಿಡಿಯಲು ಆಗುವುದಿಲ್ಲ.

ಗಡಿಯಾರಗಳನ್ನೂ ನೋಡಿ. ಕಂಟ್ರೋಲ್ ರೂಮಿನ ಗಡಿಯಾರ, ಹಳಿಬದಿಯ ಡೇಟಾ ಲಾಗರ್ (ಘಟನೆಗಳನ್ನು ತಾನಾಗಿ ದಾಖಲಿಸುವ ಉಪಕರಣ), ರೈಲಿನೊಳಗಿನ ಕಂಪ್ಯೂಟರ್, ಇವು ಮೂರೂ ಒಂದೇ ಸಮಯ ತೋರಿಸುತ್ತವೆ ಎಂದು ನಂಬಿ ಕೂತರೆ ಕಾರಣ ಮತ್ತು ಪರಿಣಾಮ ಅದಲುಬದಲಾಗುತ್ತವೆ. ಮೂರರಲ್ಲೂ ದಾಖಲಾಗಿರುವ ಒಂದೇ ಘಟನೆಯನ್ನು, ಉದಾಹರಣೆಗೆ ಬಾಗಿಲು ಮುಚ್ಚಿ ರೈಲು ಹೊರಟ ಕ್ಷಣವನ್ನು, ಹಿಡಿದು ವ್ಯತ್ಯಾಸ ಲೆಕ್ಕ ಹಾಕಿಕೊಳ್ಳಿ.

ಕೊನೆಯದಾಗಿ, ಬಹುತೇಕ ಫಾರಂಗಳಲ್ಲಿ ಇಲ್ಲದ ಒಂದು ಕಾಲಂ: ಆ ಹೊತ್ತಿನಲ್ಲಿ ಪಕ್ಕದ ಹಳಿಯಲ್ಲಿ ಏನು ಹಾದುಹೋಯಿತು? ಇದನ್ನೇಕೆ ಕೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ದೋಷ ಯಾವುದಕ್ಕೆ ಅಂಟಿಕೊಂಡಿದೆ?

ಬೇರೆ ಬೇರೆ ರೈಲುಗಳು ಒಂದೇ ಜಾಗದಲ್ಲಿ ನಿಲ್ಲುತ್ತಿವೆಯೇ? ಹಾಗಿದ್ದರೆ ಹಳಿಬದಿಗೆ ಹೋಗಿ. ಒಂದೇ ರೇಕ್ ಹೋದಲ್ಲೆಲ್ಲ ನಿಲ್ಲುತ್ತಿದೆಯೇ? ಆ ರೇಕನ್ನು ಡಿಪೋಗೆ ಕಳಿಸಿ. ಜಾಗ, ರೇಕ್ ಎರಡೂ ಬೇರೆಯಾಗಿದ್ದು ಸಮಯ ಮಾತ್ರ ಒಂದೇ ಆಗಿದ್ದರೆ ವಿದ್ಯುತ್ ಸರಬರಾಜು, ಕೇಂದ್ರ ಕಂಪ್ಯೂಟರ್, ಮಳೆ, ಜನದಟ್ಟಣೆ ಇವುಗಳ ಕಡೆ ನೋಡಿ. ದಿನನಿತ್ಯದ ದೋಷಗಳಲ್ಲಿ ಹೆಚ್ಚಿನವು ಈ ಮೂರು ಪ್ರಶ್ನೆಗಳಿಗೇ ಸಿಕ್ಕಿಬೀಳುತ್ತವೆ. ಅದರಲ್ಲೂ ಮೊದಲನೆಯದಕ್ಕೆ.

ಹಳಿಯ ಮೇಲೆ ರೈಲು ಇದೆಯೇ ಎಂದು ಕರೆಂಟಿನ ಮೂಲಕ ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್ ತೆಗೆದುಕೊಳ್ಳಿ. ಹಳಿಯ ಒಂದು ತುಂಡಿನ ಈ ತುದಿಯಲ್ಲಿ ಸಣ್ಣ ವೋಲ್ಟೇಜ್ ಕೊಡುತ್ತಾರೆ, ಆ ತುದಿಯಲ್ಲಿ ಅದನ್ನು ಪಡೆಯುವ ರಿಲೇ (ಕರೆಂಟಿನಿಂದ ಏಳುವ ಸ್ವಿಚ್) ಎದ್ದು ನಿಂತಿರುತ್ತದೆ. ರೈಲು ಬಂದರೆ ಗಾಲಿ ಮತ್ತು ಆಕ್ಸಲ್ ಎರಡೂ ಹಳಿಗಳನ್ನು ಜೋಡಿಸಿಬಿಡುತ್ತವೆ, ರಿಲೇಗೆ ಕರೆಂಟ್ ಸಿಗದೆ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ರೈಲು ಇಲ್ಲದೆಯೂ ರಿಲೇ ಬಿದ್ದಿದ್ದರೆ ಮೀಟರ್ ಹಿಡಿದು ಎರಡೂ ತುದಿಯಲ್ಲಿ ಅಳೆಯಿರಿ. ಕೊಡುವ ತುದಿಯಲ್ಲೇ ಇಲ್ಲವೆಂದರೆ ಫ್ಯೂಸ್, ಬ್ಯಾಟರಿ, ಕೇಬಲ್. ಅಲ್ಲಿ ಸರಿಯಿದ್ದು ಪಡೆಯುವ ತುದಿಯಲ್ಲಿ ಕಡಿಮೆಯಿದ್ದರೆ ನಡುವೆ ಎಲ್ಲೋ ಸೋರಿಕೆ ಅಥವಾ ತುಂಡು. ಮಳೆಯಲ್ಲಿ ಇಳಿದು ಬಿಸಿಲಿಗೆ ಏರುವ ವೋಲ್ಟೇಜ್ ಎಂದರೆ ಜಲ್ಲಿಯ ಮೂಲಕ ಸೋರುತ್ತಿದೆ. ಒಮ್ಮೆಲೇ ಸೊನ್ನೆಗಿಳಿದರೆ ಹಳಿಗಳನ್ನು ಬೆಸೆಯುವ ಬಾಂಡ್ ತಂತಿ ಕಡಿದಿದೆ, ಇಲ್ಲವೇ ಯಾರೋ ಕದ್ದಿದ್ದಾರೆ. ಎರಡು ಸರ್ಕ್ಯೂಟುಗಳ ನಡುವೆ ಕರೆಂಟ್ ಹಾಯದಂತೆ ತಡೆಯುವ ಇನ್ಸುಲೇಟೆಡ್ ಜಾಯಿಂಟಿನ ಮೇಲೆ ಗಾಲಿ ಉಜ್ಜಿ ಬಿದ್ದ ಕಬ್ಬಿಣದ ಪುಡಿ ಕೂತು ಸೇತುವೆ ಕಟ್ಟಿದರೆ ಅಕ್ಕಪಕ್ಕದ ಎರಡು ಸರ್ಕ್ಯೂಟುಗಳೂ ಒಟ್ಟಿಗೆ ಚೇಷ್ಟೆ ಮಾಡುತ್ತವೆ. ಇವೆಲ್ಲ ಸಿಕ್ಕಿಬೀಳುವ ಜಾತಿ. ಕಾಡುವುದು ಬಾಬಿಂಗ್: ರೈಲು ಇಲ್ಲದಿದ್ದರೂ ರಿಲೇ ಕ್ಷಣಕ್ಕೊಮ್ಮೆ ಬೀಳುತ್ತದೆ, ಏಳುತ್ತದೆ. ನೀವು ಮೀಟರ್ ಹಚ್ಚುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತದೆ. ಇದನ್ನು ಡೇಟಾ ಲಾಗರ್ ಬಿಟ್ಟರೆ ಬೇರೆ ಯಾವುದೂ ಹಿಡಿಯುವುದಿಲ್ಲ.

ಮುಂಬೈಯಲ್ಲಿ ಮಳೆಗಾಲ ಕಳೆದ ಕನ್ನಡಿಗರಿಗೆ ಇದರ ದೊಡ್ಡ ರೂಪ ಗೊತ್ತು. ಹಳಿಯ ಮೇಲೆ ನೀರು ನಿಂತರೆ ಟ್ರ್ಯಾಕ್ ಸರ್ಕ್ಯೂಟ್‌ಗಳು ಬೀಳುತ್ತವೆ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಮೆಷಿನ್‌ಗಳು ಮುಳುಗುತ್ತವೆ, ಲೋಕಲ್‌ಗಳು ಸಾಲಾಗಿ ನಿಲ್ಲುತ್ತವೆ. ಅಲ್ಲಿ ಹುಡುಕುವುದಕ್ಕೇನೂ ಇಲ್ಲ, ಪಂಪ್ ಹಚ್ಚಬೇಕು.

ಆಕ್ಸಲ್ ಕೌಂಟರ್ ಬೇರೆ ಬಗೆಯದು. ಅದು ಒಳಬಂದ ಆಕ್ಸಲ್‌ಗಳನ್ನೂ ಹೊರಹೋದ ಆಕ್ಸಲ್‌ಗಳನ್ನೂ ಎಣಿಸಿ ತಾಳೆ ನೋಡುತ್ತದೆ. ಆರು ಬೋಗಿಯ ಮೆಟ್ರೋಗೆ ಬೋಗಿಗೆ ನಾಲ್ಕರಂತೆ 24 ಆಕ್ಸಲ್. ಒಳಗೆ 24, ಹೊರಗೆ 23 ಎಂದು ಬಂದರೆ ಆ ತುಂಡಿನಲ್ಲಿ ಇನ್ನೂ ಒಂದು ಆಕ್ಸಲ್ ಇದೆ ಎಂದೇ ಅದರ ನಂಬಿಕೆ, ಎಷ್ಟು ಹೊತ್ತಾದರೂ ಕೆಂಪು ಇಳಿಯುವುದಿಲ್ಲ. ಹಳಿಗೆ ಬಿಗಿದ ಸೆನ್ಸರ್ ಸಡಿಲಾಗಿರಬಹುದು, ಕೆಲಸಗಾರರ ಸಲಕರಣೆ ಅದರ ಮೇಲೆ ಹಾದಿರಬಹುದು, ಕರೆಂಟ್ ಕ್ಷಣ ಮಾತ್ರ ಕುಸಿದಿರಬಹುದು. ರಿಸೆಟ್ ಮಾಡಿದರೆ ಎಣಿಕೆ ಸೊನ್ನೆಯಾಗುತ್ತದೆ. ಆದರೆ ಒಳಗೆ ನಿಜವಾಗಿಯೂ ರೈಲು ಇದ್ದಿದ್ದರೆ? ಅದಕ್ಕೇ ರಿಸೆಟ್ ಆದ ಮೇಲೆ ಮೊದಲ ರೈಲನ್ನು ಕಣ್ಣಿಟ್ಟು ನೋಡುತ್ತಾ ಕಡಿಮೆ ವೇಗದಲ್ಲಿ ದಾಟಿಸುವುದು. ಒಂದೇ ತುಂಡು ಪದೇಪದೇ ರಿಸೆಟ್ ಕೇಳುತ್ತಿದೆ ಎಂದಾದರೆ ರಿಸೆಟ್ ರಿಜಿಸ್ಟರ್ ತುಂಬಿಸುವುದು ಬಿಟ್ಟು ಸ್ಪ್ಯಾನರ್ ತೆಗೆದುಕೊಂಡು ಹೋಗಿ.

ಪಾಯಿಂಟ್‌ಗಳ ವಿಷಯ ಬೇಗ ಮುಗಿಯುತ್ತದೆ. ಚಲಿಸುವ ಹಳಿ ಪಕ್ಕದ ಹಳಿಗೆ ಪೂರ್ತಿ ಅಂಟದಿದ್ದರೆ ಮೆಷಿನ್ ‘ಸೆಟ್ ಆಗಿದೆ’ ಎಂದು ಹೇಳಕೂಡದು. ನಮ್ಮ ರೈಲ್ವೆಯಲ್ಲಿ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟು ಇದನ್ನೇ ಪರೀಕ್ಷಿಸುತ್ತಾರೆ. ಒಂದು ಜಲ್ಲಿಕಲ್ಲು ಸಾಕು ಸಾಲು ರೈಲು ನಿಲ್ಲಿಸಲು. ಮೋಟರ್ ಎಳೆಯುವ ಕರೆಂಟನ್ನು ದಿನವೂ ಗಮನಿಸುವವರಿಗೆ ಗ್ರೀಸ್ ಒಣಗಿರುವುದು ಮೊದಲೇ ಗೊತ್ತಾಗುತ್ತದೆ.

ಯಾವುದಕ್ಕೂ ಅಂಟದಿದ್ದರೆ: ಸಿಂಗಪುರದ ಸರ್ಕಲ್ ಲೈನ್

2016ರ ಆಗಸ್ಟ್ ಕೊನೆಯಲ್ಲಿ ಸಿಂಗಪುರದ ಸರ್ಕಲ್ ಲೈನಿನಲ್ಲಿ ರೈಲುಗಳು ಇದ್ದಕ್ಕಿದ್ದ ಹಾಗೆ ನಿಲ್ಲತೊಡಗಿದವು. ಅಲ್ಲಿ ಚಾಲಕರಿಲ್ಲ, ರೈಲು ತಾನೆಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಹೇಳುತ್ತದೆ, ಎಲ್ಲಿವರೆಗೆ ಹೋಗಬಹುದು ಎಂಬ ಅಪ್ಪಣೆಯನ್ನು ರೇಡಿಯೋದಲ್ಲೇ ಪಡೆಯುತ್ತದೆ. ಸಿಬಿಟಿಸಿ ಎನ್ನುವುದು ಇದಕ್ಕೇ. ಬೆಂಗಳೂರಿನಲ್ಲಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಆರ್‌.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿರುವುದೂ ಈ ಬಗೆಯ ವ್ಯವಸ್ಥೆಯೇ. ಅಪ್ಪಣೆ ಬರುವುದು ತಪ್ಪಿದರೆ ರೈಲು ಬ್ರೇಕ್ ಹಾಕಿಕೊಳ್ಳುತ್ತದೆ.

ಸಂಪರ್ಕ ತಪ್ಪಿದ್ದು ಯಾವುದೋ ರೇಡಿಯೋ ಅಡಚಣೆಯಿಂದ ಎಂಬಷ್ಟು ಬೇಗ ಗೊತ್ತಾಯಿತು. ಅಡಚಣೆ ಎಲ್ಲಿಂದ ಎಂಬುದು ಗೊತ್ತಾಗಲಿಲ್ಲ. ಕೆಲವು ದಿನ ಕಾಡಿ ತಣ್ಣಗಾದ ದೋಷ ನವೆಂಬರ್ ಮೊದಲ ವಾರದಲ್ಲಿ ಮತ್ತೆ ತಲೆಯೆತ್ತಿತು. ಹೊರಗಿನ ಮೂಲವನ್ನು ಅನುಮಾನಿಸುವುದು ಸಹಜವೇ. ಚೀನಾದ ಶೆನ್‌ಝೆನ್ ಮೆಟ್ರೋದಲ್ಲಿ 2012ರ ನವೆಂಬರ್‌ನಲ್ಲಿ ಪ್ರಯಾಣಿಕರ ಜೇಬಿನ ವೈಫೈ ಹಾಟ್‌ಸ್ಪಾಟ್‌ಗಳೇ ರೈಲಿನ ರೇಡಿಯೋಗೆ ಅಡ್ಡಬಂದು ರೈಲುಗಳು ನಿಂತಿದ್ದವು. ಹಾಗಾಗಿ ಸಿಂಗಪುರದಲ್ಲೂ ಮೊಬೈಲ್ ಸೇವೆಯನ್ನು ಕೆಲಹೊತ್ತು ನಿಲ್ಲಿಸಿ ನೋಡಿದರು.

ನವೆಂಬರ್ 5ರಂದು ಸರ್ಕಾರದ ಗೋವ್‌ಟೆಕ್ ಸಂಸ್ಥೆಯ ಮೂವರು ದತ್ತಾಂಶ ತಜ್ಞರ ಕೈಗೆ ಘಟನೆಗಳ ಪಟ್ಟಿ ಬಂತು. ದಿನ, ಸಮಯ, ಜಾಗ, ರೈಲಿನ ಗುರುತು, ದಿಕ್ಕು. ಒಟ್ಟು 259 ಬ್ರೇಕ್ ಘಟನೆ. ಅವರು ಶುರು ಮಾಡಿದ್ದೂ ಮೇಲಿನ ಮೂರು ಪ್ರಶ್ನೆಗಳಿಂದಲೇ. ಸಮಯ? ದಿನವಿಡೀ ಹರಡಿತ್ತು, ರೈಲು ಹೆಚ್ಚು ಓಡುವಾಗ ಹೆಚ್ಚು, ಅಷ್ಟೆ. ಜಾಗ? ಲೈನಿನ ಉದ್ದಕ್ಕೂ, ಪಶ್ಚಿಮದ ಕಡೆ ತುಸು ಜಾಸ್ತಿ. ರೈಲು? ಹೆಚ್ಚು ಕಡಿಮೆ ಎಲ್ಲವೂ. ಮೂರಕ್ಕೂ ಅಂಟಲಿಲ್ಲ.

ಇಲ್ಲಿ ಹೆಚ್ಚಿನವರು ‘ಅಡ್ಡಾದಿಡ್ಡಿ ದೋಷ’ ಎಂದು ಷರಾ ಬರೆದು ಕೈಬಿಡುತ್ತಾರೆ. ಈ ಮೂವರು ತಜ್ಞರು ಮಾಡಿದ್ದು ಮೂರನ್ನೂ ಒಂದೇ ಕಾಗದದ ಮೇಲೆ ಇಟ್ಟದ್ದು. ಒಂದು ಕಡೆ ಸಮಯ, ಇನ್ನೊಂದು ಕಡೆ ನಿಲ್ದಾಣಗಳ ಸಾಲು, ಪ್ರತಿ ಘಟನೆಗೆ ಒಂದು ಗುರುತು, ದಿಕ್ಕಿಗೊಂದು ಬಗೆ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಿಂದ ಬಂದ ಈ ನಕ್ಷೆ ನಮಗೇನೂ ಹೊಸದಲ್ಲ, ನಮ್ಮ ರೈಲ್ವೆ ಕಂಟ್ರೋಲ್ ಆಫೀಸುಗಳಲ್ಲಿ ಸೆಕ್ಷನ್ ಕಂಟ್ರೋಲರ್‌ಗಳು ಪೆನ್ಸಿಲ್ಲಿನಿಂದ ಎಳೆಯುತ್ತಿದ್ದ ಚಾರ್ಟ್ ಇದೇ.

ನಕ್ಷೆಯಲ್ಲಿ ಚುಕ್ಕೆಗಳು ಓರೆಯಾದ ಸಾಲುಗಳಾಗಿ ಕಂಡವು. ಒಂದು ರೈಲಿಗೆ ಬ್ರೇಕ್ ಬಿದ್ದ ಸ್ವಲ್ಪ ಹೊತ್ತಿಗೆ ಅದೇ ದಿಕ್ಕಿನಲ್ಲಿ ಅದರ ಹಿಂದೆ ಬರುತ್ತಿದ್ದ ರೈಲಿಗೆ, ಆಮೇಲೆ ಅದರ ಹಿಂದಿನದಕ್ಕೆ. ಮುಂದಕ್ಕೆ ಓಡುತ್ತಿರುವ ರೈಲುಗಳ ಸಾಲಿನಲ್ಲಿ ತೊಂದರೆ ಮಾತ್ರ ಹಿಂದಕ್ಕೆ ನಡೆಯುತ್ತಿದೆ, ಅದೂ ಸುಮಾರು ರೈಲಿನ ವೇಗದಲ್ಲೇ. ಹಾಗೆ ನಡೆಯಬಲ್ಲದ್ದು ಪಕ್ಕದ ಹಳಿಯಲ್ಲಿ ಎದುರಿನಿಂದ ಬರುತ್ತಿರುವ ಇನ್ನೊಂದು ರೈಲು ಮಾತ್ರ.

ಆ ರೈಲು ಪಟ್ಟಿಯಲ್ಲಿ ಯಾಕಿರಲಿಲ್ಲ? ಅದಕ್ಕೆ ಬ್ರೇಕ್ ಬಿದ್ದಿರಲಿಲ್ಲವಲ್ಲ. ಪಟ್ಟಿ ಮಾಡಿದ್ದು ನಿಂತ ರೈಲುಗಳದ್ದು. ಕಳ್ಳತನದ ದೂರುಗಳ ಕಟ್ಟು ಬಿಚ್ಚಿದರೆ ಕಳೆದುಕೊಂಡವರ ಹೆಸರೆಲ್ಲ ಇರುತ್ತದೆ, ಕಳ್ಳನದೊಂದು ಬಿಟ್ಟು.

ಊಹೆ ಚೆನ್ನಾಗಿದೆ ಎಂದು ಅಲ್ಲಿಗೇ ನಿಲ್ಲಿಸಲಿಲ್ಲ. ಎರಡು ಘಟನೆಗಳ ನಡುವಿನ ಸಮಯಕ್ಕೂ ದೂರಕ್ಕೂ ಎದುರು ರೈಲಿನ ಓಟಕ್ಕೂ ತಾಳೆಯಾದರೆ ಅವನ್ನು ಒಂದು ಸರಪಣಿಗೆ ಸೇರಿಸುವ ಪ್ರೋಗ್ರಾಂ ಬರೆದರು. 259ರಲ್ಲಿ 189, ಅಂದರೆ ಶೇಕಡಾ 73, ಸರಪಣಿಗಳಲ್ಲಿ ಕೂತವು. ಆಮೇಲೆ ಕಿಮ್ ಚುವಾನ್ ಡಿಪೋದಲ್ಲಿ ಕೂತು ನಿಲ್ದಾಣಗಳ ವಿಡಿಯೋ ನೋಡಿ, ಆ ಹೊತ್ತಿಗೆ ಎದುರು ಹಳಿಯಲ್ಲಿ ಹೋದದ್ದು ಯಾವುದೆಂದು ಹುಡುಕಿದರು. ಸಿಕ್ಕಿದ್ದು ಪಿವಿ46, 2015ರಿಂದ ಓಡುತ್ತಿದ್ದ ರೈಲು. ಮರುದಿನ ಭಾನುವಾರ ಜನ ಕಡಿಮೆ ಇದ್ದ ಹೊತ್ತಿನಲ್ಲಿ ಅದನ್ನು ಬೇಕೆಂದೇ ಓಡಿಸಿದರು. ಅಕ್ಕಪಕ್ಕದ ರೈಲುಗಳಿಗೆ ಸಂಪರ್ಕ ತಪ್ಪಿ ಬ್ರೇಕ್ ಬಿತ್ತು. ಅದು ಹೊರಡುವ ಮುನ್ನ ಆ ದಿನ ಒಂದೂ ಘಟನೆ ಇರಲಿಲ್ಲ. ಪಿವಿ46ರ ಹಳೆಯ ಓಡಾಟದ ದಾಖಲೆ ಜೋಡಿಸಿ ನೋಡಿದಾಗ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಘಟನೆಗಳಲ್ಲಿ ಶೇಕಡಾ 95ಕ್ಕಿಂತ ಹೆಚ್ಚಿನವಕ್ಕೆ ಅದೇ ಕಾರಣವೆಂದು ಖಾತ್ರಿಯಾಯಿತು. ಅದರೊಳಗಿನ ಸಿಗ್ನಲ್ ಉಪಕರಣ ಕೆಟ್ಟು ಆಗಾಗ ತಪ್ಪು ಸಂಕೇತ ಹೊರಡಿಸುತ್ತಿತ್ತು.

ಈ ಕತೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಪ್ರೋಗ್ರಾಮಲ್ಲ, ‘ದಿಕ್ಕು’ ಎಂಬ ಕಾಲಂ. ಅದನ್ನು ಬರೆದಿಡದೇ ಇದ್ದಿದ್ದರೆ ಚುಕ್ಕೆಗಳು ಚುಕ್ಕೆಗಳಾಗಿಯೇ ಉಳಿಯುತ್ತಿದ್ದವು.

ನಕ್ಷೆಯನ್ನು ಓದುವುದು

ಸಮಯವನ್ನು ಅಡ್ಡಕ್ಕೂ ನಿಲ್ದಾಣಗಳನ್ನು ಕೆಳಗಿನಿಂದ ಮೇಲಕ್ಕೂ ಬರೆದುಕೊಳ್ಳಿ. ಗುರುತುಗಳು ಅಡ್ಡಗೆರೆಯಾಗಿ ಸಾಲುಗಟ್ಟಿದರೆ ಜಾಗ ಒಂದೇ: ಹಳಿಬದಿಯ ದೋಷ. ನಿಂತ ಗೆರೆಯಾದರೆ ಕ್ಷಣ ಒಂದೇ: ಕೇಂದ್ರದ್ದೋ ವಿದ್ಯುತ್ತಿನದೋ ತೊಂದರೆ. ಓರೆಗೆರೆಯಾಗಿ, ನಿಂತ ರೈಲಿನ ದಿಕ್ಕಿಗೇ ವಾಲಿದ್ದು ನಂಬರೂ ಒಂದೇ ಆಗಿದ್ದರೆ ಆ ರೇಕಿನದೇ ಕಾಯಿಲೆ. ದಿಕ್ಕಿಗೆ ವಿರುದ್ಧವಾಗಿ ವಾಲಿ ನಂಬರುಗಳು ಬೇರೆ ಬೇರೆಯಾಗಿದ್ದರೆ ಎದುರಿನಿಂದ ಬರುವ ರೈಲನ್ನು ಹುಡುಕಿ.

ಅಂತರವನ್ನೂ ಲೆಕ್ಕ ಹಾಕಿ. ಎರಡೂ ಕಡೆ ಒಂದೇ ವೇಗದಲ್ಲಿ ನಾಲ್ಕು ನಿಮಿಷಕ್ಕೊಂದು ರೈಲು ಓಡುತ್ತಿದ್ದರೆ, ಒಂದು ರೈಲು ಎದುರಿನವುಗಳನ್ನು ಎರಡು ನಿಮಿಷಕ್ಕೊಮ್ಮೆ ಸಂಧಿಸುತ್ತದೆ. ಅಂದರೆ ಎದುರು ರೈಲಿನ ಕಾಟವಿದ್ದರೆ ಘಟನೆಗಳ ನಡುವಿನ ಅಂತರ ಹೆಡ್‌ವೇಯ (ಒಂದರ ಹಿಂದೊಂದು ರೈಲುಗಳ ನಡುವಿನ ಸಮಯದ) ಅರ್ಧಕ್ಕೆ ಹತ್ತಿರ ಬರಬೇಕು. ನಿಲ್ದಾಣಗಳಲ್ಲಿ ನಿಲ್ಲುವ ಹೊತ್ತಿನಿಂದ ಕೊಂಚ ಹೆಚ್ಚುಕಡಿಮೆಯಾಗುತ್ತದೆ, ಆದರೂ ಕಣ್ಣಿಗೆ ಹೊಡೆಯುವಷ್ಟು ಉಳಿಯುತ್ತದೆ. ಈ ಕೆಲಸಕ್ಕೆ ದತ್ತಾಂಶ ತಜ್ಞರೇ ಬೇಕೆಂದಿಲ್ಲ, ಗ್ರಾಫ್ ಹಾಳೆ ಸಾಕು.

ದೋಷ ಹೋದರೂ ತಡ ಹೋಗುವುದಿಲ್ಲ

‘ಸರಿಹೋಗಿದೆ ಎಂದು ಅರ್ಧ ಗಂಟೆಯಿಂದ ಹೇಳುತ್ತಿದ್ದಾರೆ, ರೈಲು ಮಾತ್ರ ಕುಂಟುತ್ತಿದೆ’ ಎಂಬ ಪ್ರಯಾಣಿಕರ ಸಿಟ್ಟಿಗೆ ಕಾರಣವಿದೆ. ಮೂರು ನಿಮಿಷಕ್ಕೊಂದರಂತೆ ಓಡುವ ಲೈನಿನಲ್ಲಿ ಒಂಬತ್ತು ನಿಮಿಷ ನಿಂತರೆ ಹಿಂದೆ ಮೂರು ರೈಲು ಜಮಾಯಿಸುತ್ತವೆ, ಮುಂದಿನ ಪ್ಲಾಟ್‌ಫಾರ್ಮುಗಳಲ್ಲಿ ನಾಲ್ಕು ರೈಲಿನ ಜನ. ಮೊದಲ ರೈಲಿಗೆ ಎಲ್ಲರೂ ಮುಗಿಬೀಳುತ್ತಾರೆ, ಬಾಗಿಲು ಮುಚ್ಚದು, ಅದು ಮತ್ತಷ್ಟು ತಡ. ಹಿಂದಿನ ರೈಲುಗಳು ಅರೆಖಾಲಿಯಾಗಿ ಅದರ ಬೆನ್ನಿಗೇ ಅಂಟಿಕೊಂಡು ಬರುತ್ತವೆ. ಇದಕ್ಕೆ ಮದ್ದು ಸಿಗ್ನಲ್ ಕೋಣೆಯಲ್ಲಿಲ್ಲ. ಹಿಂದಿನ ರೈಲುಗಳನ್ನು ಸುರಂಗದಲ್ಲಲ್ಲ, ನಿಲ್ದಾಣಗಳಲ್ಲೇ ಬಾಗಿಲು ತೆರೆದು ತಡೆಹಿಡಿಯುವುದು, ಕೆಲವನ್ನು ನಡುವಿನ ನಿಲ್ದಾಣದಿಂದಲೇ ತಿರುಗಿಸಿ ಶಾರ್ಟ್ ಲೂಪ್ ಓಡಿಸುವುದು ಕಂಟ್ರೋಲರ್ ಕೆಲಸ. ದೋಷ ಹುಡುಕುವವರಿಗೆ ಇದರಿಂದ ಆಗುವ ತೊಡಕು ಬೇರೆ: ತಡದಿಂದ ಹುಟ್ಟಿದ ನಿಲುಗಡೆಗಳೂ ಲಾಗಿನಲ್ಲಿ ತುಂಬಿಕೊಳ್ಳುತ್ತವೆ. ಮುಂದಿನ ರೈಲು ಹತ್ತಿರವಿದೆಯೆಂದು ನಿಂತದ್ದನ್ನೂ ಸಂಪರ್ಕ ತಪ್ಪಿ ನಿಂತದ್ದನ್ನೂ ಬೇರ್ಪಡಿಸದೆ ನಕ್ಷೆ ಬರೆದರೆ ಏನೂ ಕಾಣುವುದಿಲ್ಲ.

ರಿಪೇರಿಯ ನಂತರದ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಇಲ್ಲದ ರೈಲನ್ನು ಇದೆ ಎನ್ನುವ ದೋಷಗಳು, ಇಲ್ಲವೇ ನಿಲ್ಲಬೇಕಿಲ್ಲದ ಕಡೆ ನಿಲ್ಲಿಸುವಂಥವು. ತಡವಾಗುತ್ತದೆ, ಜೀವ ಹೋಗುವುದಿಲ್ಲ. ಇದ್ದ ರೈಲನ್ನು ಇಲ್ಲ ಎನ್ನುವ ದೋಷ ಅಪರೂಪ, ಮತ್ತು ಅದು ಬರುವುದು ಬಹಳ ಸಲ ರಿಪೇರಿಯ ಬೆನ್ನಿಗೇ. ಲಂಡನ್ನಿನ ಕ್ಲಾಪಂ ಜಂಕ್ಷನ್ ಬಳಿ 1988ರ ಡಿಸೆಂಬರ್ 12ರಂದು 35 ಜನ ಸತ್ತದ್ದು, ಹೊಸ ವೈರಿಂಗ್ ಮಾಡುವಾಗ ಕತ್ತರಿಸದೆ ಬಿಟ್ಟ ಹಳೆಯ ತಂತಿಯೊಂದು ಮತ್ತೆ ತಾಗಿ ಸಿಗ್ನಲ್ಲನ್ನು ಕೆಂಪಾಗಲು ಬಿಡದಿದ್ದುದರಿಂದ.

ವಾಷಿಂಗ್ಟನ್ ಮೆಟ್ರೋದ ಫೋರ್ಟ್ ಟಾಟನ್ ಬಳಿ 2009ರ ಜೂನ್ 22ರಂದು ನಡೆದದ್ದು ದೋಷ ಹುಡುಕುವವರು ಗಮನವಿಟ್ಟು ನೋಡಬೇಕಾದ ಪ್ರಕರಣ. ಐದು ದಿನ ಮೊದಲು, ಜೂನ್ 17ರಂದು, ಅಲ್ಲಿನ ಒಂದು ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಗೆ ಜೋಡಿಸುವ ಇಂಪಿಡೆನ್ಸ್ ಬಾಂಡ್ ಎಂಬ ಉಪಕರಣ ಬದಲಿಸಿದ್ದರು. ಆಮೇಲೆ ಸರ್ಕ್ಯೂಟ್ ಬಾಬಿಂಗ್ ಆಗುತ್ತಿದ್ದುದು ಕೆಲಸಗಾರರ ಕಣ್ಣಿಗೂ ಬಿದ್ದಿತ್ತು. ಕಂಟ್ರೋಲ್ ರೂಮಿಗೆ ಇಂಥ ಎಚ್ಚರಿಕೆಗಳು ವಾರಕ್ಕೆ ಸಾವಿರಗಟ್ಟಲೆ ಬರುತ್ತಿದ್ದುದರಿಂದ ಯಾರೂ ಬೆಚ್ಚಲಿಲ್ಲ. ಒಳಗೆ ಆಗುತ್ತಿದ್ದುದು ಇಷ್ಟು: ಕಳಿಸುವ ಉಪಕರಣದಲ್ಲಿ ತಾನಾಗಿ ಹುಟ್ಟಿದ ಕಂಪನ ಹಳಿಯನ್ನು ಬಿಟ್ಟು ಸಲಕರಣೆಯ ಚೌಕಟ್ಟಿನ ಮೂಲಕವೇ ಪಡೆಯುವ ಉಪಕರಣಕ್ಕೆ ಹರಿದು, ‘ಹಳಿ ಖಾಲಿ’ ಎಂಬ ಸಂಕೇತದಂತೆಯೇ ಕಾಣುತ್ತಿತ್ತು. ಆ ತುಂಡಿಗೆ ಬಂದ ರೈಲುಗಳು ವ್ಯವಸ್ಥೆಗೆ ಕಾಣದೆ ಹೋದರೂ ಓಟದ ಬಲದಿಂದ ಮುಂದಿನ ತುಂಡಿಗೆ ಜಾರಿ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಆ ಸಂಜೆ ಒಂದು ರೈಲು ಪೂರ್ತಿಯಾಗಿ ಅದೇ ತುಂಡಿನೊಳಗೆ ನಿಂತಿತು. ಹಿಂದಿನ ರೈಲಿಗೆ ದಾರಿ ಖಾಲಿ ಎಂದೇ ಅಪ್ಪಣೆ ಸಿಕ್ಕಿತು. ಸತ್ತವರು ಒಂಬತ್ತು ಜನ.

ಆದ್ದರಿಂದ ಟ್ರ್ಯಾಕ್ ಸರ್ಕ್ಯೂಟ್ ಮುಟ್ಟಿದ ಮೇಲೆ ‘ರಿಲೇ ಎದ್ದಿದೆ, ಹಸಿರು ಬಂದಿದೆ’ ಎಂದು ರಿಜಿಸ್ಟರಿಗೆ ಸಹಿ ಹಾಕಿ ಹೊರಡಬೇಡಿ. ರಿಲೇ ಬೀಳಬೇಕಾದಾಗ ಬೀಳುತ್ತದೆಯೇ ನೋಡಿ. ಶಂಟ್ (ರೈಲಿನ ಆಕ್ಸಲ್‌ನಂತೆ ಎರಡೂ ಹಳಿಗಳನ್ನು ಜೋಡಿಸುವ ಸಲಕರಣೆ) ತೆಗೆದುಕೊಂಡು ಕೊಡುವ ತುದಿಯಲ್ಲಿ, ಪಡೆಯುವ ತುದಿಯಲ್ಲಿ ಮತ್ತು ನಟ್ಟನಡುವೆ, ಮೂರು ಕಡೆಯೂ ಹಳಿಗೆ ಅಡ್ಡ ಹಾಕಿ. ತುದಿಯಲ್ಲಿ ಬೀಳುವ ರಿಲೇ ನಡುವೆ ಹಾಕಿದಾಗ ಬೀಳದೇ ಇರಬಹುದು. ಆಮೇಲೆ ಮೊದಲ ಕೆಲವು ರೈಲುಗಳು ದಾಟುವಾಗ ಲಾಗ್ ತೆರೆದಿಟ್ಟುಕೊಂಡು ಪ್ರತಿ ರೈಲೂ ಆ ತುಂಡಿನಲ್ಲಿ ಬಂದದ್ದು, ಹೋದದ್ದು ಎರಡೂ ದಾಖಲಾಗಿದೆಯೇ ಎಂದು ತಾಳೆ ನೋಡಿ. ಒಂದೇ ಒಂದು ರೈಲು ಕಾಣೆಯಾದರೂ ಆ ತುಂಡಿನಲ್ಲಿ ಸಂಚಾರ ನಿಲ್ಲಿಸಿ ಮೇಲಿನವರಿಗೆ ಫೋನ್ ಮಾಡಿ.